ಮನೆಗಳ ವಿದ್ಯುತ್ ಸುರಕ್ಷತಾ ತಪಾಸಣೆ

ಮನೆಗಳ ವಿದ್ಯುತ್ ಸುರಕ್ಷತಾ ತಪಾಸಣೆ ಎಂದರೆ ವಾಸದ ಕಟ್ಟಡದೊಳಗಿನ ತಂತಿ, ಸ್ವಿಚ್ಚು, ಸಾಕೆಟ್ಟು, ಫ್ಯೂಸು ಹಾಗೂ ಭೂಸಂಪರ್ಕಗಳು ಬೆಂಕಿಗಾಗಲಿ ವಿದ್ಯುದಾಘಾತಕ್ಕಾಗಲಿ ಎಡೆಗೊಡದಂತಿವೆಯೇ ಎಂದು ಕಣ್ಣಿನಿಂದಲೂ ಉಪಕರಣಗಳಿಂದಲೂ ಪರೀಕ್ಷಿಸುವ ಕ್ರಮ. ಕರ್ನಾಟಕದಲ್ಲಿ ಸಾಮಾನ್ಯ ಮನೆಯೊಂದು ಇಂತಹ ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ಹೊಸ ಸಂಪರ್ಕ ಪಡೆಯುವಾಗ ಮಾತ್ರ. ಆ ಬಳಿಕದ ಹೊಣೆ ಮಾಲೀಕರದು.

ಹಿನ್ನೆಲೆ

ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಅದೇ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಮುಂತಾದ ತಾಲೂಕುಗಳ ಹಳ್ಳಿಗಳನ್ನು ಅದು ತಲುಪಿದ್ದು ದಶಕಗಳ ನಂತರ. ಹೆಂಚಿನ ಮನೆಗಳಲ್ಲಿ ತೊಲೆ, ಗೋಡೆಗಳ ಮೇಲೆ ಮರದ ಪಟ್ಟಿ ಹೊಡೆದು ತಂತಿ ಎಳೆಯುವುದು ಅಂದಿನ ರೂಢಿ. ಭಾಗ್ಯಜ್ಯೋತಿ ಯೋಜನೆಯಡಿ ಬಡವರ ಮನೆಗಳಿಗೆ ದೊರೆತ ಸಂಪರ್ಕ ಒಂದೇ ದೀಪಕ್ಕೆಂದು ರೂಪಿತವಾದುದು. ದೀಪಕ್ಕೆಂದು ಹಾಕಿದ ತಂತಿಗೆ ಮಿಕ್ಸಿ, ಫ್ರಿಜ್ಜು, ನೀರೆತ್ತುವ ಮೋಟಾರುಗಳನ್ನು ಜೋಡಿಸಿದಾಗ ತಂತಿ ಕಾಯುತ್ತದೆ, ಅದರ ನಿರೋಧಕ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಹಳೆಯ ಮನೆಗಳ ತಪಾಸಣೆಯಲ್ಲಿ ಮೊದಲು ನೋಡಬೇಕಾದುದು ಇದನ್ನೇ.

ಕಾನೂನು

ವಿದ್ಯುತ್ ಕಾಯ್ದೆ, 2003ರ 53ನೆಯ ಪ್ರಕರಣ ಸುರಕ್ಷತೆಗೆ ಸಂಬಂಧಿಸಿದ್ದು; 162ನೆಯ ಪ್ರಕರಣದಂತೆ ಸರ್ಕಾರವು ವಿದ್ಯುತ್ ಪರಿವೀಕ್ಷಕರನ್ನು ನೇಮಿಸುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳೂ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ವಿನಿಯಮಗಳೂ ಸ್ಥಾವರಗಳನ್ನು ಐದು ವರ್ಷ ಮೀರದ ಅವಧಿಗೊಮ್ಮೆ ಪರೀಕ್ಷಿಸಬೇಕೆಂದು ಹೇಳಿದ್ದವು. ಈಗ ಜಾರಿಯಲ್ಲಿರುವುದು 2023ರ ವಿನಿಯಮಗಳು. ಸರ್ಕಾರ ಅಧಿಸೂಚಿಸಿದ ವೋಲ್ಟೇಜು ಹಾಗೂ ಅದಕ್ಕಿಂತ ಕೆಳಗಿನ ಸ್ಥಾವರಗಳಿಗೆ ಮಾಲೀಕರ ಸ್ವಯಂ ದೃಢೀಕರಣದ ವ್ಯವಸ್ಥೆಯಿದೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಗಮನ ಹೆಚ್ಚಾಗಿ ಅಧಿಕ ಒತ್ತಡದ ಸ್ಥಾವರ, ಬಹುಮಹಡಿ ಕಟ್ಟಡ, ಲಿಫ್ಟುಗಳ ಮೇಲಿರುವುದರಿಂದ ಹಳ್ಳಿಯ ಮನೆಯ ಬಾಗಿಲಿಗೆ ಪರಿವೀಕ್ಷಕರು ಬರುವುದು ಅಪರೂಪ.

ಹೊಸ ಸಂಪರ್ಕಕ್ಕೆ ಪರವಾನಗಿ ಪಡೆದ ಗುತ್ತಿಗೆದಾರರ ವೈರಿಂಗ್ ಪೂರ್ಣತಾ ವರದಿ ಬೇಕು. ಮಂಡ್ಯ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಜನರ ಬಾಯಲ್ಲಿ ಸೆಸ್ಕ್. ಕಂಬದ ತಂತಿ ಕಡಿದುಬಿದ್ದರೆ, ಮೀಟರಿನ ಬಳಿ ಕಿಡಿ ಹಾರಿದರೆ 1912 ಸಂಖ್ಯೆಗೆ ತಿಳಿಸಬೇಕು. ಮೀಟರಿನಿಂದ ಒಳಗಿನ ದೋಷ ಮಾತ್ರ ಮನೆಯವರದೇ.

ಪರೀಕ್ಷೆಗಳು

ನಿರೋಧನ ಪರೀಕ್ಷೆಯಲ್ಲಿ ಮೆಗ್ಗರ್ ಉಪಕರಣದಿಂದ ತಂತಿಗೂ ಭೂಮಿಗೂ ನಡುವೆ 500 ವೋಲ್ಟ್ ನೇರ ವಿದ್ಯುತ್ತನ್ನು ಒಂದು ನಿಮಿಷ ಕೊಡಲಾಗುತ್ತದೆ. ರೋಧವು ಕನಿಷ್ಠ 1 ಮೆಗಓಂ ಇರಬೇಕು.

ಹೆಚ್ಚು ತಪ್ಪು ತಿಳಿವಳಿಕೆಯಿರುವುದು ಅರ್ಥಿಂಗ್ ಎಂದೇ ರೂಢಿಯಲ್ಲಿರುವ ಭೂಸಂಪರ್ಕದ ಬಗ್ಗೆ. ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪಿನ ನಡುವೆ ಕೊಳವೆ ಹೂತರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಬೇಸಗೆಯಲ್ಲಿ ಮಣ್ಣು ಒಣಗಿದಂತೆ ರೋಧ ಏರುತ್ತದೆ. ಅದು 20 ಓಂ ಆಗಿದೆಯೆನ್ನೋಣ. ಗೀಸರಿನ ಒಳಗಿನ ತಂತಿ ಅದರ ಲೋಹದ ಮೈಗೆ ತಗುಲಿದರೆ 230 ವೋಲ್ಟಿನಲ್ಲಿ ಭೂಮಿಗೆ ಹರಿಯುವುದು ಸುಮಾರು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂ.ಸಿ.ಬಿ. ಇದನ್ನು ಮಾಮೂಲಿ ಬಳಕೆಯೆಂದೇ ಎಣಿಸಿ ಸುಮ್ಮನಿರುತ್ತದೆ, ಗೀಸರಿನ ಮೈಯಲ್ಲಿ ವಿದ್ಯುತ್ತು ಉಳಿದೇ ಇರುತ್ತದೆ. ಹೋಗುವ ಮತ್ತು ಮರಳುವ ವಿದ್ಯುತ್ತಿನ ವ್ಯತ್ಯಾಸವನ್ನು ಅಳೆಯುವ ಆರ್.ಸಿ.ಸಿ.ಬಿ. ಬೇಕಾಗುವುದು ಇಲ್ಲಿಯೇ. 30 ಮಿಲಿಆಂಪಿಯರ್ ಸೋರಿದರೂ ಅದು ಸರಬರಾಜನ್ನು ಕ್ಷಣಾರ್ಧದಲ್ಲಿ ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯವರೇ ಮಾಡಬಹುದಾದ ಪರೀಕ್ಷೆ. ಆದರೆ ಎರಡೂ ತಂತಿಗಳನ್ನು ಒಟ್ಟಿಗೆ ಮುಟ್ಟಿದವರನ್ನು ಇದು ಕಾಪಾಡಲಾರದು.

ಸಾಕೆಟ್ಟಿನಲ್ಲಿ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಸೇರಿಸುವ ಅಭ್ಯಾಸವೂ ಅಲ್ಲಲ್ಲಿ ಕಂಡುಬರುತ್ತದೆ. ಖರ್ಚು ಉಳಿಸುವ ಈ ಉಪಾಯ ಅಪಾಯಕಾರಿ: ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ, ಅದಕ್ಕೆ ಜೋಡಿಸಿದ ಯಂತ್ರದ ಹೊರಮೈಯೇ ಪೂರ್ಣ ವೋಲ್ಟೇಜಿಗೇರುತ್ತದೆ.

ಬಾಡಿಗೆ ಮನೆಗಳು

ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೆಯ ಪ್ರಕರಣದಂತೆ, ಬಾಡಿಗೆದಾರರು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾಲೀಕರು ತಿಳಿಸಬೇಕು. ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಮಾಲೀಕರು ಮಾಡಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ಬಳಿಕವೂ ಮಾಡದಿದ್ದಾಗ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವೈರಿಂಗನ್ನು ಮಾಲೀಕರ ಪಾಲಿಗೂ, ಸ್ವಿಚ್ಚು ಮತ್ತು ಸಾಕೆಟ್ಟುಗಳ ದುರಸ್ತಿಯನ್ನು ಬಾಡಿಗೆದಾರರ ಪಾಲಿಗೂ ಹಾಕಿದೆ. ಇಂಗ್ಲೆಂಡಿನಲ್ಲಿ 2020ರ ನಿಯಮಗಳಂತೆ ಖಾಸಗಿ ಬಾಡಿಗೆ ಮನೆಗಳನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಪರೀಕ್ಷಿಸಿ, ವರದಿಯನ್ನು 28 ದಿನಗಳೊಳಗೆ ಬಾಡಿಗೆದಾರರಿಗೆ ಕೊಡಬೇಕು.

ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಕಾರಣವಿಲ್ಲದೆ ಏರುವ ಬಿಲ್ಲು ಒಳಗಿನ ಸೋರಿಕೆಯ ಸೂಚನೆಯಾಗಿರಬಹುದು. ಶೂನ್ಯ ಬಿಲ್ಲು ಬರುವ ಮನೆಗಳಲ್ಲಿ ಅದನ್ನು ತಿಳಿಯಲು ಬಿಲ್ಲಿನಲ್ಲಿ ನಮೂದಾದ ಯೂನಿಟ್ಟುಗಳನ್ನೇ ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡಬೇಕಾಗುತ್ತದೆ.