ಉದ್ಯೋಗ ಮೇಳದಲ್ಲಿ ಸಂಬಳವಿಲ್ಲದ ಉದ್ಯೋಗ

‘ಉದ್ಯೋಗ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರಯತ್ನ, ಸನ್ನಾಹ ಎಂಬುದೇ ಮುಖ್ಯವಾದ ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ದೊರೆಯುವುದಿಲ್ಲ. ಯುದ್ಧದ ಸಿದ್ಧತೆ ಮಾತ್ರ ನಡೆಯುತ್ತದೆ. ಕನ್ನಡದ ಗೃಹಸ್ಥನಿಗಾದರೋ ಉದ್ಯೋಗವೆಂದರೆ ತಿಂಗಳಾದ ಕೂಡಲೆ ಪಗಾರ ತರುವ ಕೆಲಸ. ಈಚಿನ ಉದ್ಯೋಗ ಮೇಳಗಳಲ್ಲಿ ಕೆಲವು ಮಳಿಗೆಗಳವರು ಸಂಸ್ಕೃತದ ಅರ್ಥವನ್ನು ಮಾತ್ರ ನಡೆಸಿಕೊಟ್ಟು, ಕನ್ನಡದ ಅರ್ಥವನ್ನು ಕೈಬಿಡುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ನಮ್ಮದು ಕರಾವಳಿಯ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಕುಕನೂರಿನ ಕಡೆಗಿರುವ ಮಂಗಳೂರು. ತುಂಗಭದ್ರೆಯ ಕಾಲುವೆಯಿಂದ ಭತ್ತ ಬೆಳೆಯುವ ಗಂಗಾವತಿಯ ಸೀಮೆ ಬೇರೆ. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಗಳ ಎರೆ ಮಸಾರಿ ಹೊಲಗಳು ಬೇರೆ. ಮನೆಗೊಬ್ಬ ಪಗಾರದವನಿದ್ದರೆ ಬರಗಾಲದ ವರುಷವನ್ನು ದಾಟಬಹುದೆಂಬುದು ಇಲ್ಲಿಯ ತಾಯಿತಂದೆಗಳ ಆಸೆ. ಆದಕಾರಣ ಮೇಳವೆಂಬ ಸುದ್ದಿ ಬಂದೊಡನೆ ಹುಡುಗರು ಪದವಿಪತ್ರಗಳನ್ನು ಹಿಡಿದು ಹೊರಡುತ್ತಾರೆ. 2024ರ ಫೆಬ್ರವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸರಕಾರವೇ ರಾಜ್ಯಮಟ್ಟದ ಯುವ ಸಮೃದ್ಧಿ ಸಮ್ಮೇಳನವನ್ನು ನಡೆಸಿತು. ಇಂತಹ ಮೇಳಗಳಿಂದ ಕಾರಖಾನೆ, ಆಸ್ಪತ್ರೆ, ಅಂಗಡಿಗಳಲ್ಲಿ ನಿಜವಾದ ನೌಕರಿ ಪಡೆದವರುಂಟು. ಮೇಳವೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ.

ಆದರೆ ಅದೇ ಸಾಲಿನಲ್ಲಿ ಇನ್ನೊಂದು ಬಗೆಯ ಮಳಿಗೆಯೂ ಇರುವುದುಂಟು. ‘ಆರ್ಥಿಕ ಸಲಹೆಗಾರ’, ‘ವ್ಯವಹಾರ ಸಹಭಾಗಿ’ ಮುಂತಾದ ಘನವಾದ ಹೆಸರುಗಳು ಅಲ್ಲಿ ಕಾಣುತ್ತವೆ. ವಿಚಾರಿಸಿದರೆ, ವಿಮೆಯ ಪಾಲಿಸಿಯನ್ನೋ ಮತ್ತಾವುದೋ ಸರಕನ್ನೋ ಮಾರಿದರೆ ಕಮಿಶನ್ನು. ಮಾರದಿದ್ದರೆ ಏನೂ ಇಲ್ಲ. ನಮ್ಮ ಪೇಟೆಗಳ ಅಡತಿ ಅಂಗಡಿಯವರು ಇದನ್ನೇ ದಲಾಲಿ ಎನ್ನುತ್ತಾರೆ. ದಲಾಲಿಯು ಹೀನವಾದ ವೃತ್ತಿಯಲ್ಲ. ಅದರಿಂದಲೇ ಮನೆ ಕಟ್ಟಿ ಮಕ್ಕಳನ್ನು ಓದಿಸಿದವರುಂಟು. 1956ರಲ್ಲಿ ಸ್ಥಾಪಿತವಾದ ಜೀವ ವಿಮಾ ನಿಗಮವು ಹಳ್ಳಿಹಳ್ಳಿಗೆ ಮುಟ್ಟಿದ್ದು ಬಹುಮಟ್ಟಿಗೆ ಇಂತಹ ಏಜೆಂಟರ ಕಾಲ್ನಡಿಗೆಯಿಂದಲೇ. ಆದರೆ ಅಡತಿಯವನು ತನ್ನ ದಲಾಲಿಯನ್ನು ನೌಕರಿಯೆಂದು ಎಂದೂ ಹೇಳಿಕೊಳ್ಳುವುದಿಲ್ಲ. ವ್ಯಾಪಾರವನ್ನು ನೌಕರಿಯೆಂದು ಕರೆಯುವುದರಲ್ಲಿಯೇ ದೋಷವಿದೆ.

ಈ ಹೆಸರಿನ ಭೇದದಿಂದ ಸಂಸಾರಕ್ಕೆ ಆಗುವ ಹಾನಿಯನ್ನು ಲೆಕ್ಕದಿಂದ ನೋಡೋಣ. ವರುಷಕ್ಕೆ 12,000 ರೂಪಾಯಿ ಕಂತಿನ ಪಾಲಿಸಿಗೆ ಮೊದಲ ವರುಷ ಶೇಕಡಾ 20ರಂತೆ ಕಮಿಶನ್ನೆಂದು ಹಿಡಿದರೆ, ಒಂದಕ್ಕೆ 2,400 ರೂಪಾಯಿ ಬರುತ್ತದೆ. ತಿಂಗಳಿಗೆ 15,000 ರೂಪಾಯಿ ಗಳಿಸಬೇಕಾದರೆ ವರುಷದಲ್ಲಿ 75 ಪಾಲಿಸಿಗಳನ್ನು ಮಾರಬೇಕು. ಮುಂದಿನ ವರುಷಗಳಲ್ಲಿ ಹಳೆಯ ಪಾಲಿಸಿಗಳ ಮೇಲೆ ಬರುವ ಕಮಿಶನ್ನು ಕಡಿಮೆಯಾದುದರಿಂದ ಮತ್ತೆ ಹೊಸ ಮನೆಗಳನ್ನು ಹುಡುಕಬೇಕು. ಬಸ್ಸಿನ ಖರ್ಚು, ಫೋನಿನ ಖರ್ಚು, ಊಟ ಎಲ್ಲವೂ ಕೈಯಿಂದಲೇ. ಇಪ್ಪತ್ತೆರಡು ವರುಷದ ಹುಡುಗನು ಮೊದಲು ಯಾರಲ್ಲಿಗೆ ಹೋದಾನು? ಸೋದರಮಾವ, ಚಿಕ್ಕಪ್ಪ, ಅಕ್ಕನ ಗಂಡ ಇವರಲ್ಲಿಗೇ. ಅವರು ದಾಕ್ಷಿಣ್ಯಕ್ಕೆ ಒಂದು ಕಂತು ಕಟ್ಟಿ, ಮರುವರುಷ ಮಳೆ ಕೈಕೊಟ್ಟಾಗ ನಿಲ್ಲಿಸಿದರೆ ಕಟ್ಟಿದ ಹಣದ ದೊಡ್ಡ ಪಾಲು ಹೋಗುತ್ತದೆ. ಹಣದ ಹಿಂದೆ ಬಾಂಧವ್ಯವೂ ಹೋಗುತ್ತದೆ.

ನಮ್ಮಲ್ಲಿ ಓದಿದ ಒಬ್ಬ ಶಿಷ್ಯನಿಗೆ ಹೀಗೆಯೇ ‘ನೌಕರಿ’ ಆಯಿತು. ಮನೆಯವರು ಊರಿಗೆಲ್ಲ ಪೇಡೆ ಹಂಚಿದರು. ಆ ಮಾತಿನ ಮೇಲೆಯೇ ಕನ್ಯೆಯನ್ನು ಗೊತ್ತುಮಾಡಿ ಸಾಲವನ್ನೂ ತೆಗೆದರು. ಆರು ತಿಂಗಳಲ್ಲಿ ಅವನ ಕೈಗೆ ಬಂದುದು ಒಂದು ತಿಂಗಳ ಕೂಲಿಗೂ ಸಾಲಲಿಲ್ಲ. ಹುಡುಗನು ಸೋಮಾರಿಯಾಗಿರಲಿಲ್ಲ. ಆದರೂ ಬೀಗರ ಮನೆಯಲ್ಲಿ ತಲೆ ತಗ್ಗಿಸಿ ನಿಂತವನು ಅವನೇ ಹೊರತು ಮಳಿಗೆಯವರಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಯೋಚಿಸಿದ್ದರು. ಕೂಲಿಯವನ ಕರಾರು ನೆರೆಹೊರೆಯವರಿಗೆ ತಿಳಿದಿರಬೇಕೆಂದು ಕೌಟಿಲ್ಯನು ಹೇಳುತ್ತಾನೆ. ವೇತನವನ್ನು ಗೊತ್ತುಮಾಡದೆ ದುಡಿಸಿಕೊಂಡ ಪಕ್ಷದಲ್ಲಿ ಬೇಸಾಯದವನಿಗೆ ಬೆಳೆಯಲ್ಲಿ, ಗೋಪಾಲನಿಗೆ ತುಪ್ಪದಲ್ಲಿ, ವ್ಯಾಪಾರದವನಿಗೆ ಸರಕಿನಲ್ಲಿ ಹತ್ತರಲ್ಲೊಂದು ಪಾಲು ಸಲ್ಲಬೇಕೆಂದೂ ವಿಧಿಸುತ್ತಾನೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇಂತಹದೇ ನಿಯಮವುಂಟು. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿದ ಕಲ್ಯಾಣದಲ್ಲಿದ್ದವನು. ಅಂದು ಪಾಲು ಎಂಬುದು ದುಡಿದವನು ಬರಿಗೈಯಲ್ಲಿ ಹೋಗದಿರಲೆಂದು ಮಾಡಿದ ರಕ್ಷಣೆ. ಇಂದು ಅದೇ ವೇತನವನ್ನು ತಪ್ಪಿಸುವ ಉಪಾಯವಾಗುತ್ತಿದೆ.

ಆದುದರಿಂದ ಮಗನಾಗಲಿ ಮಗಳಾಗಲಿ ಮೇಳಕ್ಕೆ ಹೊರಡುವ ಮೊದಲು ಗೃಹಸ್ಥರು ಈ ಪ್ರಶ್ನೆಗಳನ್ನು ಕಲಿಸಿ ಕಳುಹಿಸಬೇಕು. ಒಂದೂ ಮಾರಾಟವಾಗದ ತಿಂಗಳಲ್ಲಿ ಎಷ್ಟು ರೂಪಾಯಿ ಕೊಡುವಿರಿ? ಕೊಡುವ ಕಾಗದವು ನೇಮಕದ ಆದೇಶವೋ, ಏಜೆನ್ಸಿಯ ಕರಾರೋ? ಭವಿಷ್ಯನಿಧಿ ಉಂಟೋ ಇಲ್ಲವೋ? ತಿರುಗಾಟದ ಖರ್ಚು ಯಾರದು? ಮೊದಲೇ ನಾವು ಹಣ ಕಟ್ಟಬೇಕೋ? ಈ ಕೊನೆಯದಕ್ಕೆ ಹೌದೆಂದರೆ ಅಲ್ಲಿಂದಲೇ ಎದ್ದು ಬರತಕ್ಕದ್ದು. ನೇರ ಮಾರಾಟದ ಕಂಪನಿಗಳು ಸೇರುವವರಿಂದ ಪ್ರವೇಶಧನವನ್ನು ತೆಗೆದುಕೊಳ್ಳಕೂಡದೆಂದು 2021ರ ಕೇಂದ್ರ ನಿಯಮಗಳಲ್ಲಿಯೇ ಇದೆ. ಮೊದಲನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂದರೆ ಅದು ವ್ಯಾಪಾರವೆಂದು ತಿಳಿದು, ಮನಸ್ಸಿದ್ದರೆ, ಕೈಯಲ್ಲಿ ಆರು ತಿಂಗಳ ಊಟಕ್ಕಿದ್ದರೆ ಮಾತ್ರ ಒಪ್ಪಿಕೊಳ್ಳಬೇಕು.

ಮೇಳವನ್ನು ನಡೆಸುವ ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಸಂಬಳದ ಮಳಿಗೆಗಳಿಗೊಂದು ಸಾಲು, ಕಮಿಶನ್ನಿನ ಮಳಿಗೆಗಳಿಗೆ ಬೇರೊಂದು ಸಾಲು ಮಾಡಿ, ನಿಶ್ಚಿತವಾದ ವೇತನವೆಷ್ಟೆಂಬುದನ್ನು ಪ್ರತಿಯೊಂದು ಮಳಿಗೆಯ ಮೇಲೂ ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆಯಿಸಲಿ. ವೇತನವಿಲ್ಲದಿದ್ದರೆ ‘ಸೊನ್ನೆ’ ಎಂದು ಬರೆಯಿಸಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಒಂದು ಹಲಗೆಯೂ ಸ್ವಲ್ಪ ಬಣ್ಣವೂ ಇದ್ದರೆ ಸಾಕು. ಅದನ್ನು ಓದಿದ ಮೇಲೆ ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ನಮ್ಮ ಹುಡುಗರೇ ನಿರ್ಣಯಿಸಿಕೊಳ್ಳುವರು.