ಸೂಜಿ ಹಾಕಿಸಿದ ರಾತ್ರಿ ಜ್ವರ ಯಾಕೆ?

ನಾಯಿ ಕಚ್ಚಿತು, ಸೂಜಿ ಹಾಕಿಸಿದ್ರಿ.
ರಾತ್ರಿ ಮೈ ಬಿಸಿ. ತೋಳು ಎತ್ತೋಕಾಗ್ತಿಲ್ಲ.
ಔಷಧಿ ಕೆಟ್ಟಿತ್ತಾ?

ನಾವೀಗ ಇರೋದು ಹೈದರಾಬಾದಿನ ನಾರಾಯಣಗೂಡದಲ್ಲಿ.
ನಾಯಿ ಕಚ್ಚಿದ್ರೆ ಊರವರು ಓಡಿ ಬರೋದು
ಇಲ್ಲಿನ ಐಪಿಎಂ ಆಸ್ಪತ್ರೆಗೆ.

ಈಗ, ನಿಮ್ಮನೆಗೆ ನೆಂಟನೊಬ್ಬ
ಕಳ್ಳನ ವೇಷದಲ್ಲಿ ಬಂದ ಅಂದ್ಕೊಳ್ಳಿ.
ಸಾಕಿದ ನಾಯಿ ಬೊಗಳುತ್ತೆ.
(ಹೌದು, ಮತ್ತೆ ನಾಯಿನೇ!)
ಬೀದಿಯೆಲ್ಲ ಲೈಟು ಹತ್ಕೊಳ್ಳುತ್ತೆ.
ಕಳುವಾಗಿದ್ದು ಏನೂ ಇಲ್ಲ.
ಆದ್ರೆ ನಾಯಿಗೆ ಆ ವೇಷ ಗೊತ್ತಾಯ್ತು.

ಲಸಿಕೆಯಲ್ಲಿರೋ ಸತ್ತ ವೈರಸ್ಸೇ ಆ ವೇಷದ ನೆಂಟ.
ಬೊಗಳೋ ನಾಯಿ ಅಂದ್ರೆ ನಿಮ್ಮ ರೋಗನಿರೋಧಕ ಶಕ್ತಿ.
ಮೈಯೊಳಗಿನ ಆ ಗದ್ದಲವೇ ನಿಮ್ಮ ಜ್ವರ, ನೋವು.
ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ.

ಸೂಜಿ ಆದ್ಮೇಲೆ ಅರ್ಧ ಗಂಟೆ ಕೂರಿಸ್ತಾರಲ್ಲ, ಯಾಕೆ?
ತೀರಾ ಅಪರೂಪಕ್ಕೆ ಮುಖ ಊದಬಹುದು,
ಉಸಿರು ಕಟ್ಟಬಹುದು.
ಆಗ ಡಾಕ್ಟರು ಪಕ್ಕದಲ್ಲೇ ಬೇಕು.

ಜ್ವರಕ್ಕೆ ಹೆದರಿ ಮುಂದಿನ ಡೋಸ್ ಬಿಡ್ತೀರಾ?
ಬೇಡ. ರೇಬೀಸ್ ಲಕ್ಷಣ ಕಾಣಿಸಿದ್ರೆ ಉಳಿಯೋದು ಬಹುತೇಕ ಅಸಾಧ್ಯ.
ಲಸಿಕೆ ಕಾರ್ಡ್ ತೆಗೀರಿ, ತಾರೀಖು ನೋಡಿ.