ಬೆಟ್ಟಕ್ಕೆ ಬೇಗ ಬಂದರೆ ದಂಡ

ಅಲಿಪಿರಿಯ ಟೋಲ್‌ಗೇಟಿನಲ್ಲಿ ಕಾರಿನವರಿಗೆ ಕೊಡುವ ಚೀಟಿಯ ಮೇಲೆ ಹೊರಟ ಹೊತ್ತನ್ನು ಮುದ್ರಿಸಿರುತ್ತಾರೆ. ಅಲ್ಲಿಂದ ತಿರುಮಲ ಮುಟ್ಟಲು ಕನಿಷ್ಠ 28 ನಿಮಿಷ ಆಗಿರಬೇಕು, ಇಳಿಯುವಾಗ 40. ಅದಕ್ಕೂ ಮುಂಚೆ ಗೇಟಿನ ಮುಂದೆ ಬಂದು ನಿಂತವನು ದಂಡ ಕಟ್ಟುತ್ತಾನೆ. ತಿಮ್ಮಪ್ಪನಿಗೆ ಅವಸರವಿಲ್ಲ, ಡ್ರೈವರನಿಗೇಕೆ?

ಒಂದು ಕಾಲಕ್ಕೆ ಇಲ್ಲಿನ ಪಾಡು ಇದಕ್ಕೆ ತದ್ವಿರುದ್ಧವಾಗಿತ್ತು. 19ನೇ ಶತಮಾನ ಮುಗಿಯುವ ಹೊತ್ತಿಗೇ ತಿರುಪತಿಗೆ ರೈಲು ಬಂದಿತ್ತು. ಬೆಟ್ಟದ ಬುಡದವರೆಗೆ ಕುಳಿತು ಬಂದವರಿಗೆ ಅಲ್ಲಿಂದಾಚೆಗೆ ಕಾಲೇ ಗತಿ. ಅಲಿಪಿರಿಯಿಂದ ಸುಮಾರು 3,550 ಮೆಟ್ಟಿಲು, ಒಂಬತ್ತು ಕಿಲೋಮೀಟರು. ಶ್ರೀವಾರಿ ಮೆಟ್ಟು ಎಂಬ ಇನ್ನೊಂದು ದಾರಿ ಗಿಡ್ಡ, ಆದರೆ ಕಡಿದು. ಮುದುಕರು, ಕಾಯಿಲೆಯವರು ಡೋಲಿಯಲ್ಲಿ ಕುಳಿತು ಹೊರುವವರ ಹೆಗಲ ಮೇಲೆ ಹೋಗಬೇಕಿತ್ತು. ಅವರಲ್ಲಿ ಡೋಲಿಗೆ ದುಡ್ಡಿಲ್ಲದವರು ಕೆಳಗಿನಿಂದಲೇ ಕೈ ಮುಗಿಯಬೇಕಿತ್ತು.

ಹಾಥೀರಾಮ್‌ಜಿ ಮಠದ ಮಹಾಂತರ ಕೈಯಲ್ಲಿದ್ದ ಗುಡಿಯ ಆಡಳಿತ 1932ರ ಮದ್ರಾಸ್ ಕಾಯ್ದೆಯಿಂದಾಗಿ ತಿರುಮಲ ತಿರುಪತಿ ದೇವಸ್ಥಾನಂಗೆ ಬಂತು. ರಸ್ತೆಯ ಕನಸಿಗೆ ಒಬ್ಬ ಯಜಮಾನ ಸಿಕ್ಕಂತಾಯಿತು. ಘಾಟ್ ರಸ್ತೆಯ ಯೋಜನೆಗೆ ಬುದ್ಧಿ ಹೇಳಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದರು. 1944ರ ಏಪ್ರಿಲ್ 10ರಂದು ಮದ್ರಾಸ್ ಗವರ್ನರ್ ಸರ್ ಆರ್ಥರ್ ಹೋಪ್ ರಸ್ತೆಯನ್ನು ಉದ್ಘಾಟಿಸಿದರು. ಪೆಟ್ರೋಲಿಗೂ ಪಡಿತರವಿದ್ದ ಯುದ್ಧಕಾಲ ಅದು. 19 ಕಿಲೋಮೀಟರು, 36 ಹೇರ್‌ಪಿನ್ ತಿರುವು. ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತವರಿಗೆ ಈ ಲೆಕ್ಕ ಹೊಟ್ಟೆಯಲ್ಲೇ ಗೊತ್ತಾಗುತ್ತದೆ.

ಮೊದಲು ದೇವಸ್ಥಾನವೇ ಬಸ್ಸು ಓಡಿಸಿತು, ಆಮೇಲೆ ಆಂಧ್ರದ ಸಾರಿಗೆ ಸಂಸ್ಥೆ ಆ ಹೊಣೆ ಹೊತ್ತಿತು. ಹತ್ತುವವರೂ ಇಳಿಯುವವರೂ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಎದುರುಬದುರಾಗುತ್ತಿದ್ದರು. 1974ರಲ್ಲಿ ಎರಡನೆಯ ಘಾಟ್ ರಸ್ತೆ ಬಂತು. ಹೊಸದು ಬಂದಾಗ ಹಳೆಯದನ್ನು ಮೂಲೆಗೆ ತಳ್ಳುವುದು ನಮ್ಮಲ್ಲಿ ರೂಢಿ. ಇಲ್ಲಿ ಹಾಗಾಗಲಿಲ್ಲ. ಹೊಸ ರಸ್ತೆ ಹತ್ತುವುದಕ್ಕೆ, ಹಳೆಯದು ಇಳಿಯುವುದಕ್ಕೆ ಎಂದು ಪಾಲು ಮಾಡಿದರು. ಬೆಟ್ಟದ ಸಾರಿಗೆಯಲ್ಲಿ ಆದ ಅತ್ಯಂತ ಜಾಣ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಇದರ ಬೆಲೆ ತಿಳಿದದ್ದು 2021ರ ಡಿಸೆಂಬರಿನಲ್ಲಿ. ಮಳೆಗೆ ಸಡಿಲಗೊಂಡ ಬಂಡೆಗಳು ಹತ್ತುವ ರಸ್ತೆಯ ಮೇಲೆ ಉರುಳಿದವು. ಇಳಿಯುವ ರಸ್ತೆಯಲ್ಲೇ ಸರದಿಯ ಮೇಲೆ ಎರಡೂ ಕಡೆಯ ವಾಹನ ಬಿಡಬೇಕಾಯಿತು. ಮತ್ತೆ 1974ರ ಹಿಂದಿನ ಕಾಲ!

ಎರಡು ರಸ್ತೆ ಆದರೂ ಗರ್ಭಗುಡಿಯ ಬಾಗಿಲು ಅಗಲವಾಗಲಿಲ್ಲ. ದಿನಕ್ಕೆ 60–70 ಸಾವಿರ ಜನ ಬರುವಲ್ಲಿ ಬಸ್ಸು ಹೆಚ್ಚಿಸಿದಷ್ಟೂ ಮೇಲಿನ ಸಾಲು ಉದ್ದವಾಗುತ್ತದೆ. ಆದ್ದರಿಂದ ಜನರನ್ನು ಹಂಚುವ ಕೆಲಸ ಬೆಟ್ಟದ ಕೆಳಗೆ ಇಳಿಯಿತು. ರೈಲು ನಿಲ್ದಾಣದ ಎದುರಿನ ವಿಷ್ಣು ನಿವಾಸಂ, ಬಸ್ ನಿಲ್ದಾಣದ ಹತ್ತಿರದ ಶ್ರೀನಿವಾಸಂ, ಅಲಿಪಿರಿಯ ಭೂದೇವಿ ಕಾಂಪ್ಲೆಕ್ಸ್‌ನಂಥ ಕಡೆ ದರ್ಶನದ ಹೊತ್ತು ನಮೂದಿಸಿದ ಟೋಕನ್ ಕೊಡತೊಡಗಿದರು. ಭಕ್ತರಿಗೆ ಅದು ದರ್ಶನದ ಚೀಟಿ. ಸಾರಿಗೆಯ ಕಣ್ಣಿಗೆ ಅದು ಬಸ್ಸಿನ ವೇಳಾಪಟ್ಟಿ: ಯಾರು ಯಾವಾಗ ಬೆಟ್ಟ ಹತ್ತಬೇಕೆಂದು ಊರಿನಲ್ಲೇ ತೀರ್ಮಾನವಾಗಿರುತ್ತದೆ. ಟೋಕನ್ ಸಿಗದೆ ಗೊಣಗುವವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ನಾನೂ ಗೊಣಗಿದ್ದೇನೆ.

2022ರ ಸೆಪ್ಟೆಂಬರಿನಿಂದ ಘಾಟ್ ರಸ್ತೆಯಲ್ಲಿ ಎಲೆಕ್ಟ್ರಿಕ್ ಬಸ್ಸುಗಳೂ ಓಡುತ್ತಿವೆ. ಎಂಜಿನಿನ ಆರ್ಭಟವಿಲ್ಲದ ಬಸ್ಸಿನಲ್ಲಿ ಮೊದಲ ತಿರುವಿನ ಗೋವಿಂದಾ ಇನ್ನಷ್ಟು ಜೋರಾಗಿ ಕೇಳಿಸುತ್ತದೆ. ಮೇಲೆ ಹೋದಮೇಲೆ ವಸತಿಗೃಹದಿಂದ ಗುಡಿಯತ್ತ ಹೋಗಲು ದೇವಸ್ಥಾನದ ಉಚಿತ ಧರ್ಮರಥಗಳಿವೆ.

ಬೆಂಗಳೂರು, ಕೋಲಾರದ ಕಡೆಯಿಂದ ಸ್ವಂತ ಕಾರಿನಲ್ಲಿ ಹೊರಡುವವರಲ್ಲಿ ಒಂದು ಮನವಿ. ಕಾರನ್ನು ತಿರುಪತಿಯಲ್ಲೇ ಬಿಡಿ, ಬೆಟ್ಟ ಹತ್ತುವ ಸಪ್ತಗಿರಿ ಬಸ್ಸಿಗೆ ಹೋಗಿಬರುವ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತುಕೊಳ್ಳಿ. 28 ನಿಮಿಷದ ಲೆಕ್ಕ ಡ್ರೈವರ್ ನೋಡಿಕೊಳ್ಳುತ್ತಾನೆ.